ಒಂಬತ್ತೂಮುಕ್ಕಾಲರ ಪರೀಕ್ಷೆ

ಗೋದಾಮಿನಲ್ಲಿ ಚಾಲಕರಿಲ್ಲದೆ ಓಡುವ ಸರಕಿನ ಗಾಡಿಗಳಿಗೆ ಸಾಫ್ಟ್‌ವೇರ್ ಬರೆಯುವುದು ಪರದೇಶದ ಹೆಲ್ಸಿಂಗ್‌ಬೋರ್ಯ್ ನಗರದಲ್ಲಿ ನೀರಜಾಳ ತಂಡದ ಕೆಲಸ. ಅಲ್ಲಿ ಟೆಸ್ಟರ್ ಹುದ್ದೆ ಏಳು ತಿಂಗಳು ಖಾಲಿ ಬಿದ್ದಿತ್ತು. ಅರ್ಹತೆ ಇದ್ದವರು ಬರಲೇ ಇಲ್ಲ. ಮ್ಯಾನೇಜರ್ ಬೇಸತ್ತು ಜಾಹೀರಾತಿನಿಂದ ಪದವಿ, ಕೋಡಿಂಗ್, ಅನುಭವ ಎಲ್ಲವನ್ನೂ ಒಂದೊಂದಾಗಿ ಹೊಡೆದುಹಾಕಿದ. ಜರಡಿಯ ತೂತು ಅಷ್ಟು ದೊಡ್ಡದಾದ ಮೇಲೆ ಒಳಗೆ ಬಂದವರು ಧಾರವಾಡದ ರಹೀಮ್. ವಯಸ್ಸು ಐವತ್ತೆರಡು, ಅದೇ ಗೋದಾಮಿನಲ್ಲಿ ಒಂಬತ್ತು ವರ್ಷ ಪೆಟ್ಟಿಗೆ ಎತ್ತಿದವರು.

ನೀರಜಾಗೆ ಮೈಯೆಲ್ಲ ಉರಿದುಹೋಗಿತ್ತು. ಅವಳು ಆರು ಸುತ್ತು ಇಂಟರ್‌ವ್ಯೂ ದಾಟಿ ಬಂದವಳು! ಈಗ ರಹೀಮರ ಆರು ತಿಂಗಳ ಪ್ರೊಬೇಷನ್ ಮುಗಿಯುತ್ತಿತ್ತು, ಇಟ್ಟುಕೊಳ್ಳಬೇಕೇ ಬೇಡವೇ ಎಂದು ಅವಳೇ ಬರೆದುಕೊಡಬೇಕು. ಬೇಡ ಎಂದು ಬರೆದಿಟ್ಟಾಗಿತ್ತು. ಗಾಡಿಗಳು ಮರುದಿನವೇ ಕೆಲಸಕ್ಕಿಳಿಯುವುದಿತ್ತು.

ಅಷ್ಟರಲ್ಲಿ ರಹೀಮ್ ಮೇಜಿನ ಬಳಿ ಬಂದರು. "ಮೇಡಂ, ಒಂದ್ ಹತ್ತು ನಿಮಿಷ ಕೆಳಗ್ ಬರ್ತೀರಾ?"

"ಟೆಸ್ಟಿಂಗ್ ಮುಗೀತಲ್ಲ ರಹೀಮ್ ಅವರೇ. ನಾಲ್ಕು ವಾರದಲ್ಲಿ ಒಂದೂ ಬಗ್ ಇಲ್ಲ."

"ನೀವು ಗಾಡಿ ಓಡಿಸಿ ನೋಡಿದ್ದು ಎಷ್ಟೊತ್ತಿಗೆ?"

"ಒಂಬತ್ತೂವರೆಗೆ. ಆಗ ಫ್ಲೋರ್ ಖಾಲಿ ಇರುತ್ತೆ, ಹತ್ತು ನಿಮಿಷದಲ್ಲಿ ಮುಗಿಸ್ಬಿಡ್ತೀವಿ."

"ಖಾಲಿ ಯಾಕಿರುತ್ತೆ ಅಂತ ಕೇಳಿದ್ರಾ?"

ಕೇಳಿರಲಿಲ್ಲ. ಅದು ಗೋದಾಮಿನವರ ಫಿಕಾ, ಈ ದೇಶದಲ್ಲಿ ಯಾರೂ ತಪ್ಪಿಸದ ಕಾಫಿ ಹೊತ್ತು. ನೀರಜಾಳ ತಂಡ ಮಾತ್ರ ಕೀಬೋರ್ಡಿನ ಮುಂದೆಯೇ ಡಬ್ಬಿ ಬಿಚ್ಚಿ ಉಪ್ಪಿಟ್ಟು ತಿಂದು, ಎಷ್ಟು ಸಮಯ ಉಳಿಸಿದೆವೆಂದು ಬೀಗುತ್ತಿತ್ತು.

ಕೆಳಗೆ ಹನ್ನೊಂದನೇ ಸಾಲಿನ ತಿರುವಿನಲ್ಲಿ ರಹೀಮ್ ಅವಳನ್ನು ನಿಲ್ಲಿಸಿದರು. ಆಳೆತ್ತರ ಮೀರಿದ ರಾಕುಗಳ ನಡುವೆ ಒಬ್ಬರು ನುಸುಳುವಷ್ಟು ಸಂದು, ಕಾಫಿ ಕೋಣೆಯಿಂದ ಬರುವವರ ಅಡ್ಡದಾರಿ. ಗಾಡಿಗಳ ನಕ್ಷೆಯಲ್ಲಿ ಅದು ಗೋಡೆ.

"ಒಂಬತ್ತೂಮುಕ್ಕಾಲು ಆಯ್ತು, ಫಿಕಾ ಮುಗೀತು, ನೋಡ್ರಿ," ಎಂದು ರಹೀಮ್ ಕಣ್ಣು ಮುಚ್ಚಿದರು. "ಫಸ್ಟ್ ಲೀನಾ, ಓಡ್ಕೊಂಡು ಬರ್ತಾಳೆ. ಹಿಂದೆ ಯೊನಾಸ್, ಫೋನ್ ನೋಡ್ಕೊಂಡು. ಆಮೇಲೆ ಮಂಡಿ ನೋವಿನ ಸೂಸನ್, ರಾಕ್ ಹಿಡ್ಕೊಂಡು."

ಸಂದಿನಿಂದ ಲೀನಾ ಚಿಮ್ಮಿದಳು. ಯೊನಾಸ್ ತಲೆಯೆತ್ತದೆ ದಾರಿಯ ನಡುವಿಗೇ ಬಂದ. ಸೂಸನ್ ರಾಕು ಹಿಡಿದು ನಿಧಾನ ದಾಟಿದಳು. ರಹೀಮ್ ಕಣ್ಣು ತೆರೆಯದೆ ಹೆಸರು ಹೇಳುತ್ತ ಹೋದರು, ಅದೇ ಕ್ರಮದಲ್ಲಿ ಇಡೀ ಪಾಳಿ ಆ ಗೋಡೆಯೊಳಗಿಂದ ಹೊರಬಂತು. ಗಾಡಿಯ ಕಣ್ಣು ಮುಂದಕ್ಕಷ್ಟೇ. ಪಕ್ಕದಿಂದ ಬಂದವರು ಕಾಣುವಷ್ಟರಲ್ಲಿ ಅರ್ಧ ಟನ್ ಸರಕು ಅವರ ಮೈಮೇಲೆ. ನೀರಜಾಗೆ ಭಯವಾಯಿತು, ಭಯಕ್ಕಿಂತ ಹೆಚ್ಚಾಗಿ ಈ ಮನುಷ್ಯನ ಮುಂದೆ ತಾನು ಬಹಳ ಸಣ್ಣವಳೆನಿಸಿತು.

"ಮೊದಲೇ ಯಾಕೆ ಹೇಳ್ಲಿಲ್ಲ ನೀವು?"

"ಮೂರು ಸಲ ಮೇಲ್ ಹಾಕಿದ್ದೆ ಮೇಡಂ. ಫಾರ್ಮ್ಯಾಟ್ ಸರಿ ಇಲ್ಲ ಅಂತ ನೀವೇ ವಾಪಸ್ ಕಳ್ಸಿದ್ರಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನೀರಜಾ ಅಲ್ಲೇ ನಿಂತು ಮ್ಯಾನೇಜರಿಗೆ ಫೋನ್ ಮಾಡಿ, ನಾಳೆ ಗಾಡಿ ಇಳಿಸುವುದು ಬೇಡವೆಂದಳು. ತಪ್ಪು ಹಿಡಿದವರು ಯಾರೆಂದು ಅವನು ಕೇಳಿದ.

"ನಮ್ಮ ಟೆಸ್ಟರ್," ಎಂದಳು. ಆರು ತಿಂಗಳಲ್ಲಿ ಅವಳು ರಹೀಮರನ್ನು ಹಾಗೆ ಕರೆದದ್ದು ಅದೇ ಮೊದಲು.