ಎಜ್ರಾ ಸಾಹೇಬರ ಮಣ್ಣು

ಚನ್ನಬಸವನ ಮಾತು ಅರ್ಧ ಹೊರಗೆ, ಅರ್ಧ ಹೊಟ್ಟೆಯೊಳಗೆ. ದೋಹಾದ ನಜ್ಮಾ ಬಡಾವಣೆಯ ಕೋಣೆಯಲ್ಲಿ ಜೊತೆಗಿದ್ದ ಜೆಸಿಬಿ ಡ್ರೈವರ್ ದ್ಯಾಮಣ್ಣನಿಗೆ ಅವನು ಅಂದದ್ದಿಷ್ಟೇ: "ನಾಳೆ ಸಂಜೀಕ ವುಕೈರ್ ಕಡೆ ಮಣ್ಣಿಗೆ ಹೋಗೂದೈತಿ. ಎಜ್ರಾ ಸಾಹೇಬ್ರದು. ತೆಗ್ಗು ತಗದಿಡು."

ಅವರ ಬಾಗಲಕೋಟೆಯ ಕಡೆ ಹೆಣ ಹೂಳುವುದಕ್ಕೆ ಮಣ್ಣು ಅನ್ನುತ್ತಾರೆ, ಗುಂಡಿಗೆ ತೆಗ್ಗು. ಪುಸ್ತಕ ಎಂಬ ಪದ ಚನ್ನಬಸವನ ಹೊಟ್ಟೆಯೊಳಗೇ ಉಳಿಯಿತು.

ಎಜ್ರಾ ಸಾಹೇಬರು ಮುಂಬಯಿಯ ಬೈಕುಲ್ಲಾದಲ್ಲಿ ಹುಟ್ಟಿ ಲಂಡನ್ನಿಗೆ ಹೋದ ಯಹೂದಿ. ೧೯೯೭ರಲ್ಲಿ ದೋಹಾದ ಕಟ್ಟಡ ಕಂಪನಿಯೊಂದಕ್ಕೆ ಸಲಹೆಗಾರರಾಗಿದ್ದರು. ಓದಲು ಏನೂ ಇಲ್ಲದಿದ್ದರೆ ಊಟಕ್ಕೆ ಕೂರದ ಮನುಷ್ಯ. ಮೊಸರಿನ ಡಬ್ಬಿಯ ಅರಬ್ಬಿಯನ್ನಾದರೂ ಓದುತ್ತ ಉಣ್ಣುತ್ತಿದ್ದರು. ಎದುರಿಗೆ ಅದೇ ಕಂಪನಿಯ ಕೆಲಸಗಾರ ಚನ್ನಬಸವ ಸುಮ್ಮನೆ ಉಣ್ಣುತ್ತಿದ್ದ. ಅದೇ ಅವರ ಸ್ನೇಹ.

ಅವರ ಅಜ್ಜನ ಪ್ರಾರ್ಥನೆಯ ಪುಸ್ತಕದ ಹೊಲಿಗೆ ಬಿಚ್ಚಿಹೋಗಿತ್ತು. "ದೇವರ ಹೆಸರಿರುವ ಪುಸ್ತಕ ಕಸಕ್ಕೆ ಹಾಕೋ ಹಾಗಿಲ್ಲ, ಹೂಳಬೇಕು," ಎಂದಿದ್ದರು, ಮುಂಬಯಿ ಹಿಂದಿಯಲ್ಲಿ. "ಊರಿಗೆ ಒಯ್ಯೋಣ ಅಂದರೆ ಎತ್ತಿದಾಗೆಲ್ಲ ಹಾಳೆ ಬೀಳುತ್ತೆ. ಬಿದ್ದ ಹಾಳೆಗೆ ಮುತ್ತಿಡಬೇಕು. ವಿಮಾನ ಹತ್ತೋದು ಯಾವಾಗ?"

ಮಣ್ಣಿನ ದಿನ ರಾತ್ರಿಯೇ ಅವರ ವಿಮಾನ. ಹೂಳದೆ ಹೋದರೆ, ಸತ್ತ ಮೇಲೆ ಅಜ್ಜನಿಗೆ ಮುಖ ತೋರಿಸುವುದು ಹೇಗೆಂಬುದೇ ಅವರ ಚಿಂತೆ.

ದೋಹಾದ ಹೊರಗೆ, ವುಕೈರ್ ದಾಟಿದ ಬಯಲಲ್ಲಿ ಕೋಣೆಯವರೆಲ್ಲ ನಿಂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಹೂವಿನ ಹಾರ, ವಿಭೂತಿ ಗಟ್ಟಿ. ಕಾರು ಬಂದು ನಿಂತಿತು, ಬಿಳಿ ಬಟ್ಟೆಯ ಗಂಟು ಹಿಡಿದು ಎಜ್ರಾ ಸಾಹೇಬರು ಇಳಿದರು. ದ್ಯಾಮಣ್ಣ ಜೆಸಿಬಿ ಏರಿ ಕೂಗಿದ:

"ಏ ಚನ್ನಬಸ್ಯಾ! ಹೆಣ ತಾನ ಕಾರ್ ಹೊಡಕೊಂಡ ಬಂದೈತಲ್ಲೋ!"

"ಸಾಹೇಬ್ರಲ್ಲ. ಪುಸ್ತಕ."

"ಪುಸ್ತಕ ಸಾಯ್ತಾವೇನಲೇ?"

"ಇವರ ಮಂದ್ಯಾಗ ಸಾಯ್ತಾವ."

ತೆಗ್ಗು ಆಳುದ್ದವಿತ್ತು. ಲಿಂಗಾಯತರ ಪದ್ಧತಿಯಂತೆ, ಹೆಣ ಕೂರಿಸಲು ಪಕ್ಕದಲ್ಲಿ ಗೂಡು ಬೇರೆ.

"ಇಷ್ಟು ದೊಡ್ಡದು ಬೇಕಿರಲಿಲ್ಲ," ಎಂದರು ಎಜ್ರಾ.

"ತಗದ ತೆಗ್ಗು ಖಾಲಿ ಮುಚ್ಚಬಾರ್ದ್ರಿ. ಯಾರನ್ನಾರ ಇಡಾಕಬೇಕು," ಎಂದ ದ್ಯಾಮಣ್ಣ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

ಮಲಗಿಸುವುದೋ, ಕೂರಿಸುವುದೋ ಎಂದು ವಾದವೆದ್ದಿತು. ಕಪಾಟಿನಲ್ಲಿ ನಿಂತೇ ಇತ್ತಲ್ಲ ಎಂದು ಎಜ್ರಾ ನೆನೆದರು. ಕೊನೆಗೊಮ್ಮೆ ನೋಡೋಣವೆಂದು ಬಿಳಿ ಬಟ್ಟೆ ಬಿಚ್ಚಿದರು, ಬಿಚ್ಚಿದವರು ಓದತೊಡಗಿದರು. ಗಾಳಿಗೆ ಹಾಳೆಗಳು ಹಾರಿದವು. ಹಿಡಿದವರೆಲ್ಲ ಕಣ್ಣಿಗೊತ್ತಿಕೊಂಡು ಕೊಟ್ಟರು. ಎಜ್ರಾ ಮುತ್ತಿಟ್ಟು, ಸರದಿಗೆ ಸೇರಿಸಿ, ಮತ್ತೆ ಮೊದಲಿನಿಂದ ಓದಿದರು.

"ಯಲ್ಲಾ, ಲಗೂ ಮಾಡ್ರಿ ಸಾಹೇಬ್ರ, ವಿಮಾನ!" ಎಂದ ದ್ಯಾಮಣ್ಣ.

ಕೊನೆಯ ಹಾಳೆಗಳು ಎಂದೋ ಕಳೆದಿದ್ದವು. ಎಜ್ರಾ ಖಾಲಿ ಅಂಗೈ ನೋಡುತ್ತ ಓದುತ್ತಲೇ ಇದ್ದರು.

"ಹಾಳಿ ಖಲಾಸ್ ಆಗ್ಯಾವ. ಏನ್ ಓದಾಕತ್ಯಾರೋ?" ಎಂದ ದ್ಯಾಮಣ್ಣ.

"ಸುಮ್ನಿರು," ಎಂದ ಚನ್ನಬಸವ.

ಮುಗಿಯಿತು. ದ್ಯಾಮಣ್ಣ ಒಳಗಿಳಿದು ಪುಸ್ತಕವನ್ನು ಗೂಡಿನಲ್ಲಿ ಕೂರಿಸಿದ. ಎಲ್ಲರೂ ಹಿಡಿಹಿಡಿ ಮಣ್ಣು ಹಾಕಿದರು, ಉಳಿದದ್ದನ್ನು ಜೆಸಿಬಿ ತಳ್ಳಿತು. ಎಜ್ರಾ ಒಂದು ಹನಿ ಕಣ್ಣೀರು ಹಾಕಲಿಲ್ಲ. ಖಾಲಿ ಕೈ ಎಲ್ಲಿಡಬೇಕೆಂದೇ ಅವರಿಗೆ ತಿಳಿಯುತ್ತಿರಲಿಲ್ಲ.

ಮಣ್ಣಿಗೆ ಬಂದವರು ಕೇಳಲೇಬೇಕಾದದ್ದನ್ನು ದ್ಯಾಮಣ್ಣ ಕೇಳಿದ: "ವಯಸ್ಸೆಷ್ಟಾಗಿತ್ರಿ?"

ಚನ್ನಬಸವ ಹಿಂದಿಯಲ್ಲಿ ತಿರುಗಿಸಿ ಕೇಳಿದ.

"ತೊಂಬತ್ತರ ಮೇಲೆ."

"ತುಂಬಿದ ಜೀವಾ ಬಿಡ್ರಿ. ಭಾಳ ಮಂದೀನ ನೋಡಿ ಹೋತು. ಅಳಬ್ಯಾಡ್ರಿ."

ಅಷ್ಟನ್ನೂ, ಒಂದು ಪದ ಹೊಟ್ಟೆಯೊಳಗೆ ಉಳಿಸಿಕೊಳ್ಳದೆ, ಚನ್ನಬಸವ ಹೇಳಿದ. ಎಜ್ರಾ ಸಾಹೇಬರು ಅವನ ಭುಜ ಹಿಡಿದುಕೊಂಡು ಗಟ್ಟಿಯಾಗಿ ಅತ್ತರು.