ಕತ್ತಿಮೀನಿನ ಇನ್ನೊಂದು ಹೆಸರು

ಸಂತೆಚೀಲ ಅಂತ ನೀವೇ ಅಂದ್ರಲ್ಲ ಪೆಲೋ, ನಾನಂದ್ನಾ? ಅಡ್ಮಿರಲ್ ಹಾಲ್ಸ್‌ಟನ್ನರ ಬಾಯಿಂದ ಸಿಡಿದ ಎಂಜಲು ನಕ್ಷೆಯ ಮೇಜಿನ ಮೇಲಿದ್ದ ಮರದ ಪುಟ್ಟ ಹಡಗಿಗೆ ಬಿತ್ತು, ಯಾರೂ ಒರೆಸಲಿಲ್ಲ, ಕಮಾಂಡರ್ ಪೆಲೋನ ಕಣ್ಣು ಅಲ್ಲೇ ನೆಟ್ಟಿತು — ಹೌದು ಸಾರ್, ಅಂದೆ, ಆ ವಿಮಾನ ಹಾರಿಸೋರೆಲ್ಲ ಅದನ್ನ ಹಾಗೇ ಕರೆಯೋದು, ಬೈಗುಳ ಅಲ್ಲ ಅದು — ಬೈಗುಳ ಅಲ್ವಂತೆ, ಕೇಳ್ರಪ್ಪ, ಬಟ್ಟೆ, ತಂತಿ, ಅಂತಸ್ತಿನ ಮೇಲೆ ಅಂತಸ್ತು ರೆಕ್ಕೆ, ಎದುರುಗಾಳಿ ಬಂದ್ರೆ ಹಡಗೇ ಇದನ್ನ ಹಿಂದೆ ಹಾಕುತ್ತೆ, ಇದನ್ನ ಕಟ್ಕೊಂಡು ಜರ್ಮನರ ಸಬ್‌ಮರೀನ್ ಹೊಡೀತಾರಂತೆ ಇವರು — ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು, ಲಂಡನ್ನಿನ ಕಚೇರಿಯಿಂದ ಬಂದಿದ್ದ ಕ್ರೇನ್ ಎಂಬ ಅಧಿಕಾರಿಯಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕ, ನಗಲಿ, ನಕ್ಕು ಸಾಯಲಿ, ಈ ನಾಲಿಗೆಗಿಷ್ಟು ಬೆಂಕಿ ಬೀಳ, ಕಾಗದದ ಮೇಲೆ ಅದರ ಹೆಸರು ಕತ್ತಿಮೀನು, ಅಂಥ ಹೆಸರು ಇರುವಾಗ ಸಂತೆಚೀಲ ಅನ್ನಬೇಕಿತ್ತೇ ಈ ಜನರ ಎದುರು, ಅಮ್ಮನ ನೂಲಿನ ಚೀಲವನ್ನು ಇವರಲ್ಲಿ ಯಾರು ನೋಡಿದ್ದಾರೆ, ನ್ಯೂಲಿನ್ ಬಂದರಿನಿಂದ ಬರುವಾಗ ಅದರಲ್ಲಿ ಮೀನು, ಆಲೂಗಡ್ಡೆ, ಸೀಮೆಎಣ್ಣೆ ಸೀಸೆ, ಮೇಲೆ ತಮ್ಮನ ಬೂಟು, ತುಂಬಿದಷ್ಟೂ ಹಿಗ್ಗುತ್ತಿತ್ತು, ಈ ವಿಮಾನವೂ ಹಾಗೇ, ಬಾಂಬು ಕಟ್ಟು, ದೀಪ ಕಟ್ಟು, ಮೂವರನ್ನು ಕೂರಿಸು, ಒಲ್ಲೆ ಅನ್ನುವುದಿಲ್ಲ, ವಿಮಾನ ಇಳಿಯಲೆಂದು ಸರಕು ಹಡಗಿನ ನೆತ್ತಿಗೆ ಹಲಗೆ ಬಡಿದು ಮಾಡಿದ ಗೇಣುದ್ದದ ಅಟ್ಟ, ಅಟ್ಲಾಂಟಿಕ್ಕಿನ ಅಲೆಗೆ ಅದು ತೊಟ್ಟಿಲಿನಂತೆ ತೂಗುವಾಗ ಬೇಲಿಯ ಮೇಲೆ ಕಾಗೆ ಕೂತಹಾಗೆ ಮೆಲ್ಲಗೆ ಬಂದು ಕೂರುವುದು ಇದೊಂದೇ, ಇವರ ಹೊಸ ಒಂಟಿರೆಕ್ಕೆಯ ಓಟಗಾರ ವಿಮಾನ ಕೂರುತ್ತದೆಯೇ, ಹುಡುಗರ ಸಮೇತ ನೀರಿಗೆ ಹೋಗುತ್ತದೆ, ಇದನ್ನೇ ಅಲ್ಲವೇ ಹೇಳಲು ಬಂದದ್ದು, ಸಂಜೆಯೊಳಗೆ ಹಡಗಿಗೆ ಯಾವ ವಿಮಾನ ಏರಬೇಕೆಂದು ತೀರ್ಮಾನವಾಗುತ್ತದೆ, ನಾಳೆ ಸರಕು ಹಡಗುಗಳ ಸಾಲು ಲಿವರ್‌ಪೂಲ್ ಬಿಡುತ್ತದೆ, ಕತ್ತಿಮೀನಿನ ಪರ ಮಾತಾಡುವ ಬಾಯಿ ಈ ಕೋಣೆಯಲ್ಲಿ ಇದೊಂದೇ, ಆ ಬಾಯಿಗೆ ಬಂದದ್ದು ಸಂತೆಚೀಲ — ಅಕ್ಟೋಬರಿನ ಆ ಕೈ ಕಣ್ಣ ಮುಂದೆ ಬಂತು, ಬೇಡ, ಈಗ ಅದು ಬೇಡ — ಬೇಟೆ ಕಣ್ರೀ ಬೇಟೆ, ಹುಡುಕಿ ಹೊಡೀಬೇಕು, ಅಡ್ಮಿರಲ್ಲರ ಕೋಲು ಮರದ ಹಡಗುಗಳನ್ನು ಬಿಟ್ಟು ನಕ್ಷೆಯ ಖಾಲಿ ನೀಲಿಯ ಮೇಲೆ ಓಡಿತು, ಮನೆತುಂಬ ನಾಯಿ ಸಾಕಿದವರು, ಕೆಂಪು ಕೋಟು ತೊಟ್ಟು ಕುದುರೆ ಏರಿ ನರಿಯ ಹಿಂದೆ ಬೇಲಿ ಹಾರಿದವರು, ಸಮುದ್ರವೂ ಇವರಿಗೆ ಅಪ್ಪನ ಹೊಲ — ತೋಳ ಹುಡುಕ್ಕೊಂಡು ಕಾಡು ಸುತ್ತಬಾರದು ಸಾರ್, ಕುರಿ ಪಕ್ಕ ನಿಂತ್ರೆ ತೋಳ ತಾನಾಗೇ ಬರುತ್ತೆ — ಕುರಿ ಕಾಯೋಕಾ ನೌಕಾಪಡೆ ಸೇರಿದ್ದು, ಅದಕ್ಕೆ ಊರಲ್ಲೇ ಇರಬಹುದಿತ್ತಲ್ಲ — ಮತ್ತೆ ನಗು, ಕ್ರೇನ್ ಮತ್ತೆ ಕನ್ನಡಕ ತೆಗೆದ, ಅಕ್ಟೋಬರಿನಲ್ಲಿ ಬೇಟೆಗೇ ಹೋಗಿದ್ದೆವಲ್ಲ, ಎಲ್ಲೋ ಸಬ್‌ಮರೀನ್ ಕಂಡಿತೆಂಬ ಸುದ್ದಿಗೆ ಸಾಲನ್ನು ಬಿಟ್ಟು ದಿನವಿಡೀ ಓಡಿ, ತಿಮಿಂಗಿಲವೊಂದರ ಮೇಲೆ ಬಾಂಬು ಸುರಿದು, ಮರಳಿದಾಗ ಸಾಲು ಇದ್ದ ಕಡೆ ಮುಳುಗಿದ ಹಡಗುಗಳ ಎಣ್ಣೆ, ಎಣ್ಣೆಯ ನಡುವೆ ಯಾರೋ ಒಬ್ಬನ ಕೈ, ಬಸ್ಸು ನಿಲ್ಲಿಸುವವನ ಹಾಗೆ ಎತ್ತಿದ್ದ, ಬೀಸಲಿಲ್ಲ, ಕೂಗಲಿಲ್ಲ, ಬಸ್ಸು ನಿಂತೇ ನಿಲ್ಲುತ್ತದೆ ಅನ್ನುವವನ ಹಾಗೆ ಸುಮ್ಮನೆ ಎತ್ತಿದ್ದ, ನಿಂತರೆ ನಾವೂ ಗುರಿ ಆಗ್ತೀವಿ, ನಡೀರಿ ಮುಂದೆ, ಅಂದ ಕ್ಯಾಪ್ಟನ್, ಸರಿಯಾಗಿಯೇ ಅಂದ, ಹಡಗು ನಿಲ್ಲಲಿಲ್ಲ — ಆ ತಿಮಿಂಗಿಲದ ಮಾಂಸ ನಿಮ್ಮ ನಾಯಿಗಳಿಗೆ ಕಳಿಸಬೇಕಿತ್ತು ಸಾರ್!

ಅಂದದ್ದು ತಾನೇ ಎಂದು ಅವನಿಗೆ ತಿಳಿದದ್ದು ನಗು ನಿಂತ ಮೇಲೆ. ಕ್ರೇನನ ಕನ್ನಡಕ ಕೈಯಲ್ಲೇ ಉಳಿಯಿತು. ಕ್ಷಮೆ ಕೇಳಿ ಪೆಲೋ, ಅಡ್ಮಿರಲ್ಲರ ದನಿ ಈಗ ತೀರ ತಣ್ಣಗೆ, ಕೇಳಿ ಕೂತ್ಕೊಳ್ಳಿ, ಆಮೇಲೆ ನಿಮ್ಮ ಚೀಲದಲ್ಲಿ ಏನೇನಿದೆ ತೆಗೀರಿ, ನೋಡೋಣ — ಕೇಳುತ್ತಾರಂತೆ, ಈಗ ಕೇಳುತ್ತಾರಂತೆ, ಕೇಳಿಬಿಡು, ಎರಡು ಮಾತು, ನಿನ್ನ ಗಂಟೇನು ಹೋಗುತ್ತದೆ, ಆದರೆ ಕೈ ಆಗಲೇ ಟೋಪಿ ಎತ್ತಿಕೊಂಡಿತ್ತು, ಕುರ್ಚಿ ಹಿಂದಕ್ಕೆ ಬಿತ್ತು, ಬಾಗಿಲು ಬಡಿಯಿತು, ಓಣಿ, ಮೆಟ್ಟಿಲು, ಹೊರಬಾಗಿಲ ಕಾವಲಿನವನು ಸೆಟೆದು ಸಲಾಮು ಹೊಡೆದ, ದಡಕ್ಕೆ ಇಳೀತಿದ್ದೀರಾ ಸಾರ್? ವಾಪಸ್ ಯಾವಾಗ? — ದಡವಂತೆ, ಒಣ ಇಟ್ಟಿಗೆಯ ಕಟ್ಟಡಕ್ಕೆ ಹಡಗು ಅನ್ನುವ ಜನ, ನೆಲಕ್ಕೆ ಡೆಕ್ಕು, ಗೋಡೆ ಬದಿಯ ಬೀದಿಗೆ ದಡ, ಇವರಿಗೆ ಒಂದು ಅಡ್ಡಹೆಸರು ಅರ್ಥವಾಗಲಿಲ್ಲ, ಹಿಂದೆ ತಿರುಗು ಮುಠ್ಠಾಳ, ನೀನಿಲ್ಲದಿದ್ದರೆ ಈಗಲೇ ಕೈಯೆತ್ತಿ ತೀರ್ಮಾನ ಮಾಡುತ್ತಾರೆ, ಬೇಟೆ ಅನ್ನುತ್ತಾರೆ, ಓಟಗಾರ ಅನ್ನುತ್ತಾರೆ, ಕ್ಷಮಿಸಿ ಸಾರ್ ಅನ್ನು, ಕ್ಷಮಿಸಿ ಸಾರ್, ಅಟ್ಟ ಚಿಕ್ಕದು, ಅಲೆ ದೊಡ್ಡದು, ಇಷ್ಟೇ, ಇಷ್ಟು ಸಾಕು, ಬೂಟು ಮಾತ್ರ ಬೀದಿಯ ಕಲ್ಲಿನ ಮೇಲೆ ಟಪಟಪ ಮುಂದಕ್ಕೇ ಹೋಗುತ್ತಿದೆ, ಮೂಲೆ ಬಂತು, ಮೂಲೆ ದಾಟಿತು, ಕ್ಷಮಿಸಿ ಸಾರ್, ಸಾಲಿನ ಪಕ್ಕ ನಿಲ್ಲಬೇಕು, ಕ್ಷಮಿಸಿ, ಪಕ್ಕ, ಆ ಕೈ, ಮೊಣಕೈವರೆಗೆ ಕಪ್ಪು ಎಣ್ಣೆ, ಕ್ಷಮಿಸಿ, ಆ ಕೈ, ಬೆರಳುಗಳನ್ನು ಒಂದಕ್ಕೊಂದು ಸೇರಿಸಿ, ಅವಸರವಿಲ್ಲದೆ, ಎತ್ತಿದ್ದು ಎತ್ತಿದಂತೆಯೇ, ಆ ಕೈ —