ಒಂದು ಗೇಣು ತೆರೆದ ಬಾಗಿಲು

ಬಾಗಿಲು ಒಂದು ಗೇಣು ತೆರೆದಿರುವಾಗಲೇ ಲಿಫ್ಟು ಮೇಲಕ್ಕೆ ಹೊರಟಿತು. ಪರೀಕ್ಷೆಯ ಕೋಣೆಯ ಮೇಜಿನ ಮೇಲಿದ್ದ ಎರಡು ಮೊಳ ಎತ್ತರದ ಮಾದರಿ ಅದು, ಎರಡು ತಗಡಿನ ಬಾಗಿಲಿನ ಪೆಟ್ಟಿಗೆ. ಆದರೆ ಓಡಿಸುತ್ತಿದ್ದ ಸಾಫ್ಟ್‌ವೇರ್ ಅಸಲಿಯೇ. ಬರುವ ವಾರ ಒಂದು ಆಸ್ಪತ್ರೆಯ ಲಿಫ್ಟುಗಳಿಗೆ ಹೋಗಬೇಕಾದದ್ದು. ಅವಳು ಕರೆಂಟು ತೆಗೆದು ಮತ್ತೆ ಕೊಟ್ಟಳು. ಯಂತ್ರ ಸುಧಾರಿಸಿಕೊಳ್ಳುವ ಮೊದಲೇ ಗುಂಡಿಯನ್ನು ಎರಡು ಸಲ ಒತ್ತಿದಳು. ಹತ್ತು ಸಲ ಒತ್ತಿದರೆ ಮೂರು ಸಲ ಪೆಟ್ಟಿಗೆ ಬಾಯಿ ಬಿಟ್ಟುಕೊಂಡೇ ಏರುತ್ತಿತ್ತು.

ಸಾಫ್ಟ್‌ವೇರಿನ ತಪ್ಪು ಹುಡುಕುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಎಲ್ಲದಕ್ಕೂ ಕೊಕ್ಕೆ ಹಾಕುತ್ತಾಳೆಂದು ಆಫೀಸಿನಲ್ಲಿ ಅವಳಿಗೆ ಕೊಕ್ಕೆ ಮೇಡಂ ಎಂದೇ ಹೆಸರು. ಮ್ಯಾನೇಜರ್ ಬಂದು ನೋಡಿದ. ಹೀಗೆಲ್ಲ ಯಾರು ಒತ್ತುತ್ತಾರೆ ಎಂದು ನಕ್ಕು ಹೋದ.

ಮಾರನೆಯ ಬೆಳಿಗ್ಗೆ ವರದಿ ಅವಳ ಮೇಜಿನ ಮೇಲಿತ್ತು. ನಿನ್ನೆ ಇನ್ನೂರ ಹನ್ನೊಂದಿದ್ದ ಪರೀಕ್ಷೆಗಳು ಇವತ್ತು ಇನ್ನೂರ ಹತ್ತು. ಬಾಗಿಲಿನ ಪರೀಕ್ಷೆ ಕಿತ್ತ ಜಾಗದಲ್ಲಿ ಗುರುತೂ ಉಳಿಯದ ಹಾಗೆ ಕ್ರಮಸಂಖ್ಯೆಗಳನ್ನು ಹೊಂದಿಸಿಬಿಟ್ಟಿದ್ದರು. ಅವಳು ಸಹಿ ಹಾಕಬೇಕಾದ ಕಡೆ ಪೆನ್ಸಿಲಿನ ಪುಟ್ಟ ಗುರುತು.

ಕೇಳಲು ಹೋದಾಗ ಮ್ಯಾನೇಜರ್ ಬಿಸ್ಕತ್ತನ್ನು ಎರಡು ಹೋಳು ಮಾಡಿ ಒಳಗಿನ ಕ್ರೀಮು ನೆಕ್ಕುತ್ತಿದ್ದ.

"ಅದು ನಮ್ಮ ವ್ಯಾಪ್ತಿಗೆ ಬರಲ್ಲ. ಮುಂದಿನ ಆವೃತ್ತಿಯಲ್ಲಿ ನೋಡೋಣ. ಒಂದು ಸಹಿ ಹಾಕಿಬಿಡು ತಂಗಿ."

ಎಂಟು ವರ್ಷ ಮೇಡಂ ಎಂದವನ ಬಾಯಲ್ಲಿ ಇವತ್ತು ತಂಗಿ. ಅವಳು ಸಹಿ ಹಾಕಲಿಲ್ಲ. ವರದಿಯನ್ನು ಎರಡು ಬೆರಳಲ್ಲಿ, ಸತ್ತ ಜಿರಲೆ ಎತ್ತಿದ ಹಾಗೆ ಎತ್ತಿಕೊಂಡು ಹೊರಬಂದಳು.

ಆ ಪರೀಕ್ಷೆ ಮೊದಲಿಂದಲೂ ಪಟ್ಟಿಯಲ್ಲಿತ್ತೆಂದು ಅವನ ಮುಖಕ್ಕೆ ಹಿಡಿಯಬೇಕೆಂದು ಕಡತದ ಕೋಣೆಗೆ ಹೋದಳು. ಮೂರು ವರ್ಷದ ಹಿಂದಿನ ಆವೃತ್ತಿಯ ಕಡತ ಸಿಕ್ಕಿತು. ಪರೀಕ್ಷೆಯೂ ಇತ್ತು. ಎದುರಿಗೆ 'ಸರಿಯಿದೆ' ಎಂಬ ಗುರುತು, ಪಕ್ಕದಲ್ಲಿ ಅವಳದೇ ಸಹಿ.

ತಾರೀಖು ನೋಡಿದ್ದೇ ನೆನಪಾಯಿತು. ನಾದಿನಿಯ ಮದುವೆಯ ಹಿಂದಿನ ದಿನ. ಗಂಡ ಕೆಳಗೆ ಗಾಡಿ ನಿಲ್ಲಿಸಿಕೊಂಡು ಫೋನಿನ ಮೇಲೆ ಫೋನು ಮಾಡುತ್ತಿದ್ದ. ಇದೂ ಸೇರಿ ಕೊನೆಯ ಹನ್ನೆರಡು ಪರೀಕ್ಷೆಗಳನ್ನು ಅವಳು ಮಾಡಿರಲೇ ಇಲ್ಲ. ಮಾಡಿದಂತೆ ಒಂದೇ ಉಸಿರಿಗೆ ಗುರುತು ಹಾಕುತ್ತಾ ಹೋಗಿದ್ದಳು. ಆ ಆವೃತ್ತಿ ಈಗ ನೂರ ನಲವತ್ತು ಕಟ್ಟಡಗಳಲ್ಲಿ ಓಡುತ್ತಿತ್ತು. ಮಾದರಿಗೆ ಅದನ್ನೇ ಹಾಕಿ ಒತ್ತಿ ನೋಡಿದಳು. ನಾಲ್ಕನೆಯ ಸಲಕ್ಕೆ ಪೆಟ್ಟಿಗೆ ಬಾಯಿ ತೆರೆದುಕೊಂಡು ಏರಿತು.

ಅಷ್ಟು ಹೊತ್ತೂ ಮ್ಯಾನೇಜರನ ಮೇಲೆ ಉಗುಳಬೇಕೆನಿಸಿದ್ದು ಈಗ ಅವಳ ಬಾಯಲ್ಲೇ ಉಳಿಯಿತು. ಬಚ್ಚಲಿಗೆ ಹೋಗಿ ಕೈ ತೊಳೆದಳು. ಮತ್ತೊಮ್ಮೆ ಸೋಪು ಹಚ್ಚಿ ತೊಳೆದಳು. ಕನ್ನಡಿ ನೋಡಲಿಲ್ಲ.

ಎರಡನ್ನೂ ಇಲಾಖೆಗೆ ಬರೆಯುತ್ತೇನೆಂದು ಮನೆಯಲ್ಲಿ ಹೇಳಿದಾಗ ಗಂಡ ತಟ್ಟೆಯಿಂದ ತಲೆಯೆತ್ತಿದ. "ಅವನದ್ದು ಬರಿ, ಸರಿ. ನಿಂದು ನೀನೇ ಯಾಕೆ ಬರ್ಕೋತೀಯ? ಮೂರು ವರ್ಷದಲ್ಲಿ ಏನೂ ಆಗಿಲ್ವಲ್ಲ."

"ಆಗಿಲ್ಲ ಅಂತ ಯಾರು ಹೇಳಿದ್ರು? ನಾವು ಕೇಳಿಲ್ಲ, ಅಷ್ಟೆ."

ಲಿಫ್ಟುಗಳ ತಪಾಸಣೆಯ ಇಲಾಖೆಗೆ ಬರೆದ ಪತ್ರದಲ್ಲಿ ಮೊದಲು ತನ್ನ ಹನ್ನೆರಡನ್ನು ಬರೆದಳು. ಕಿತ್ತುಹಾಕಿದ ಒಂದನ್ನು ಆಮೇಲೆ.

ಹದಿನೈದು ದಿನದಲ್ಲಿ ನೂರ ನಲವತ್ತು ಕಟ್ಟಡಗಳ ಲಿಫ್ಟುಗಳೂ ನಿಂತವು. ಆಸ್ಪತ್ರೆಯವರು ಹೊಸದನ್ನು ಬೇಡವೆಂದರು. ಮ್ಯಾನೇಜರ್ ಇನ್ನೊಂದು ಶಾಖೆಗೆ, ಅದೇ ಕುರ್ಚಿಗೆ ಹೋದ. ಬೀಳ್ಕೊಡಲು ಹಾರ ತಂದಿದ್ದರು. ಅವಳಿಂದ ಸಹಿ ಹಾಕುವ ಅಧಿಕಾರ ಕಿತ್ತುಕೊಂಡರು. ಈಗ ಯಾರೂ ಕೊಕ್ಕೆ ಮೇಡಂ ಎನ್ನುವುದಿಲ್ಲ, ಏನೂ ಎನ್ನುವುದಿಲ್ಲ.

ಒಂದು ಭಾನುವಾರ ಚಿಕ್ಕಮ್ಮನನ್ನು ನೋಡಲು ಹೋದಳು. ಎಂಟು ಅಂತಸ್ತಿನ ಕಟ್ಟಡ, ಚಿಕ್ಕಮ್ಮನ ಮನೆ ಏಳನೆಯದರಲ್ಲಿ. ಅಲ್ಲೂ ಲಿಫ್ಟು ನಿಂತಿತ್ತು. ಮೂರನೆಯ ಅಂತಸ್ತಿನ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕೈಚೀಲವನ್ನು ಕಾಲ ಬಳಿ ಇಟ್ಟುಕೊಂಡು ಏದುಸಿರು ಬಿಡುತ್ತಾ ಕೂತಿದ್ದಳು.

"ಯಾವಳೋ ಬರೆದು ಹಾಕಿದಳಂತೆ," ಎಂದಳು ಮುದುಕಿ. "ಅವಳ ಕಾಲು ಮುರಿದೋಗ."

ಅವಳು ಮುದುಕಿಯ ಕೈಚೀಲ ಎತ್ತಿಕೊಂಡಳು. ಆಲೂಗಡ್ಡೆ ತುಂಬಿದ ಚೀಲ, ಹಿಡಿ ಬೆರಳಿಗೆ ಒತ್ತುತ್ತಿತ್ತು. ಎಷ್ಟನೆಯ ಅಂತಸ್ತು ಎಂದು ಕೇಳಿದಳು. ಎಂಟನೆಯದು. ಒಂದೊಂದು ತಿರುವಿನಲ್ಲೂ ನಿಂತು, ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಕೆಳಗಿನಿಂದ ಮುದುಕಿಯ ಚಪ್ಪಲಿಯ ಸದ್ದು ಹತ್ತಿರ ಬರುವವರೆಗೂ ಕಾದಳು.